ಫಾರ್ಮುಲಾ ರೇಸ್ ಕಾರುಗಳ ವರ್ಗಾಂತರ

ಫಾರ್ಮುಲಾ ರೇಸ್ ಕಾರಿನ ವರ್ಗಾಂತರ ಎಂದರೆ, ಒಂದು ರೇಸ್ ವರ್ಗದ ನಿಯಮಾವಳಿಗೆ ತಕ್ಕಂತೆ ತಯಾರಾದ ಹಳೆಯ ಕಾರನ್ನು ಬೇರೊಂದು ವರ್ಗದ ನಿಯಮಾವಳಿಗೆ ಒಪ್ಪುವಂತೆ ಮಾರ್ಪಡಿಸುವ ತಾಂತ್ರಿಕ ಕೆಲಸ. ಫಾರ್ಮುಲಾ ಕಾರುಗಳು ಸಾಮಾನ್ಯವಾಗಿ ಒಬ್ಬರೇ ಕೂರುವ, ಚಕ್ರಗಳಿಗೆ ಹೊದಿಕೆಯಿಲ್ಲದ ವಾಹನಗಳು. ವರ್ಗಾಂತರದಲ್ಲಿ ಮೂಲ ಕಾರಿನ ಚಾಸಿ ಉಳಿಯುತ್ತದೆ. ಎಂಜಿನ್, ಗೇರ್‌ಬಾಕ್ಸ್, ಚಕ್ರ, ಟೈರು, ರೆಕ್ಕೆ, ಮೈಕಟ್ಟು, ವಿದ್ಯುತ್ ವ್ಯವಸ್ಥೆ ಇವುಗಳಲ್ಲಿ ಒಂದೋ ಹಲವೋ ಬದಲಾಗುತ್ತವೆ. ಮೂಲ ವರ್ಗ ಮುಚ್ಚಿಹೋದಾಗ, ಎಂಜಿನ್ ಅಥವಾ ಬಿಡಿಭಾಗ ಸಿಗದಾದಾಗ, ನಿಯಮ ಬದಲಾದಾಗ ಅಥವಾ ಕಡಿಮೆ ಖರ್ಚಿನ ವರ್ಗದಲ್ಲಿ ಕಾರನ್ನು ಓಡಿಸಬೇಕಾದಾಗ ಈ ಕೆಲಸಕ್ಕೆ ಕೈಹಾಕುತ್ತಾರೆ. ಹೊಸ ವರ್ಗದ ತಾಂತ್ರಿಕ ತಪಾಸಣೆಯಲ್ಲಿ ಕಾರು ತೇರ್ಗಡೆಯಾದಾಗಲೇ ವರ್ಗಾಂತರ ಪೂರ್ಣವಾಗುತ್ತದೆ.

ಪಾರಿಭಾಷಿಕ ಪದಗಳು

ಈ ಲೇಖನದಲ್ಲಿ ‘ವರ್ಗ’ ಎಂದರೆ ಒಂದೇ ತಾಂತ್ರಿಕ ನಿಯಮಾವಳಿಗೆ ಒಳಪಟ್ಟು ಒಟ್ಟಿಗೆ ಸ್ಪರ್ಧಿಸುವ ಕಾರುಗಳ ಗುಂಪು. ‘ಚಾಸಿ’ ಎಂದರೆ ಎಂಜಿನ್, ಸಸ್ಪೆನ್ಷನ್ ಮತ್ತು ಚಾಲಕನ ಆಸನವನ್ನು ಹೊರುವ ಮುಖ್ಯ ಚೌಕಟ್ಟು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚಾಸಿ ‘ಸ್ಪೇಸ್‌ಫ್ರೇಮ್’. ಅಲ್ಯೂಮಿನಿಯಂ ತಗಡು ಅಥವಾ ಕಾರ್ಬನ್ ನಾರಿನ ಹಲಗೆಗಳಿಂದ ಪೆಟ್ಟಿಗೆಯಂತೆ ಕಟ್ಟಿದ ಚಾಸಿ ‘ಮಾನೊಕಾಕ್’. ‘ರಿಸ್ಟ್ರಿಕ್ಟರ್’ ಎಂಬುದು ಎಂಜಿನ್ನಿಗೆ ಹೋಗುವ ಗಾಳಿಯನ್ನು ಕಡಿಮೆ ಮಾಡಿ ಶಕ್ತಿಗೆ ಮಿತಿ ಹಾಕುವ, ಗೊತ್ತಾದ ಅಳತೆಯ ರಂಧ್ರವುಳ್ಳ ತಟ್ಟೆ ಅಥವಾ ಕೊಳವೆ. ‘ಪುನರುಜ್ಜೀವನ’ವು ವರ್ಗಾಂತರಕ್ಕಿಂತ ಭಿನ್ನ: ಅದರಲ್ಲಿ ಕಾರನ್ನು ಅದರ ಮೂಲ ಸ್ಥಿತಿಗೇ ಮರಳಿಸಲಾಗುತ್ತದೆ.

ಇತಿಹಾಸ

ಫಾರ್ಮುಲಾ ರೇಸಿಂಗಿನಲ್ಲಿ ನಿಯಮ ಬದಲಾದಾಗಲೆಲ್ಲ ಹಳೆಯ ಕಾರುಗಳು ಹೊಸ ವರ್ಗಗಳಿಗೆ ಸಾಗಿವೆ. 1952 ಮತ್ತು 1953ರ ವಿಶ್ವ ಚಾಂಪಿಯನ್‌ಷಿಪ್ ಫಾರ್ಮುಲಾ 2 ನಿಯಮದಡಿ ನಡೆದುದರಿಂದ ಆ ವರ್ಗದ ಕಾರುಗಳೇ ಅಗ್ರಸ್ಥಾನಕ್ಕೆ ಬಂದವು. 1961ರಲ್ಲಿ ಫಾರ್ಮುಲಾ 1 ಎಂಜಿನ್ನಿನ ಗಾತ್ರ 1.5 ಲೀಟರಿಗೆ ಇಳಿದಾಗ, ಅದೇ ಗಾತ್ರದ ಫಾರ್ಮುಲಾ 2 ಕಾರುಗಳು ಹೊಸ ಫಾರ್ಮುಲಾ 1ಕ್ಕೆ ತಳಹದಿಯಾದವು.

1966ರಲ್ಲಿ ಈ ಮಿತಿ 3 ಲೀಟರಿಗೆ ಏರಿತು. ಈ ಸಂದರ್ಭದ ಹೆಸರಾಂತ ವರ್ಗಾಂತರ ಬ್ರಾಬಮ್ ಬಿಟಿ19. 1.5 ಲೀಟರ್ ಯುಗದ ಕೊನೆಯಲ್ಲಿ ಕೊವೆಂಟ್ರಿ ಕ್ಲೈಮ್ಯಾಕ್ಸ್ ಸಂಸ್ಥೆಯ 16 ಸಿಲಿಂಡರ್ ಎಂಜಿನ್ನಿಗಾಗಿ ಈ ಚಾಸಿ ಸಿದ್ಧವಾಗಿತ್ತು. ಆ ಎಂಜಿನ್ ರೇಸಿಗೆ ಬರಲೇ ಇಲ್ಲ. ಖಾಲಿ ಉಳಿದ ಚಾಸಿಗೆ ಆಸ್ಟ್ರೇಲಿಯದ ರೆಪ್ಕೊ ಸಂಸ್ಥೆಯ 3 ಲೀಟರ್ ವಿ8 ಎಂಜಿನ್ ಕೂರಿಸಲಾಯಿತು. ಈ ಎಂಜಿನ್ನಿಗೆ ಆಧಾರವಾಗಿದ್ದುದು ಓಲ್ಡ್ಸ್‌ಮೊಬೈಲ್ ಪ್ರಯಾಣಿಕ ಕಾರಿನ ಅಲ್ಯೂಮಿನಿಯಂ ಬ್ಲಾಕ್. ಸ್ಪೇಸ್‌ಫ್ರೇಮ್ ಚಾಸಿಯ ಈ ಕಾರಿನಲ್ಲಿ ಜ್ಯಾಕ್ ಬ್ರಾಬಮ್ 1966ರ ವಿಶ್ವ ಚಾಂಪಿಯನ್ ಆದರು.

ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನಲ್ಲಿ 1964ರಿಂದ ನಡೆದ ಟ್ಯಾಸ್ಮನ್ ಸರಣಿಯ ಎಂಜಿನ್ ಮಿತಿ ಮೊದಲಿಗೆ 2.5 ಲೀಟರ್ ಇತ್ತು. ಅದಕ್ಕಾಗಿ 3 ಲೀಟರಿನ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನನ್ನು 2.5 ಲೀಟರಿಗೆ ಇಳಿಸಿ ಡಿಎಫ್‌ಡಬ್ಲ್ಯು ಎಂಬ ಹೆಸರಿನಲ್ಲಿ ತಯಾರಿಸಲಾಯಿತು. ಅದನ್ನು ಹೊತ್ತ ಲೋಟಸ್ 49ರಲ್ಲಿ ಜಿಮ್ ಕ್ಲಾರ್ಕ್ 1968ರ ಸರಣಿ ಗೆದ್ದರು.

ಅಮೆರಿಕದಲ್ಲಿ 5 ಲೀಟರ್ ಎಂಜಿನ್ನಿನ ಫಾರ್ಮುಲಾ 5000 ಸರಣಿ 1976ರಲ್ಲಿ ಕೊನೆಗೊಂಡಿತು. 1977ರಲ್ಲಿ ಮತ್ತೆ ಆರಂಭವಾದ ಕ್ಯಾನ್-ಆ್ಯಮ್ ಸರಣಿಗೆ ಈ ಕಾರುಗಳನ್ನೇ ಬಳಸಲಾಯಿತು. ಲೋಲಾ ಟಿ332ನಂಥ ಕಾರುಗಳ ಚಾಸಿ, ಎಂಜಿನ್ ಹಾಗೆಯೇ ಉಳಿಸಿ, ನಾಲ್ಕೂ ಚಕ್ರ ಮುಚ್ಚುವ ಅಗಲವಾದ ಮೈಕಟ್ಟು ತೊಡಿಸಲಾಯಿತು. ಅದೇ ವರ್ಷ ಕೆನಡಾದ ಮೋಂ ಟ್ರೊಂಬ್ಲಾಂ ಟ್ರ್ಯಾಕಿನಲ್ಲಿ ಬ್ರಯನ್ ರೆಡ್‌ಮನ್ ಅವರ ಲೋಲಾ ಕಾರು ದಿಬ್ಬದ ಮೇಲೆ ಗಾಳಿಗೆದ್ದು ಮಗುಚಿತು. ಅವರು ತೀವ್ರವಾಗಿ ಗಾಯಗೊಂಡರು. ಅವರ ಸ್ಥಾನಕ್ಕೆ ಬಂದ ಪ್ಯಾಟ್ರಿಕ್ ಟಾಂಬೆ ಆ ಸಾಲಿನ ಚಾಂಪಿಯನ್ ಆದರು. ಮೈಕಟ್ಟು ಬದಲಾದಾಗ ಕಾರಿನ ಮೇಲೆ ಗಾಳಿಯ ಒತ್ತಡ ಬೀಳುವ ಬಗೆಯೂ ಬದಲಾಗುತ್ತದೆ ಎಂಬುದಕ್ಕೆ ಈ ಪ್ರಕರಣ ಪ್ರಮುಖ ನಿದರ್ಶನ.

1985ರಲ್ಲಿ ಫಾರ್ಮುಲಾ 3000 ವರ್ಗ ಹುಟ್ಟಿದ್ದರ ಹಿಂದೆಯೂ ಮರುಬಳಕೆಯ ಉದ್ದೇಶವಿತ್ತು. ಫಾರ್ಮುಲಾ 1ರಲ್ಲಿ ಟರ್ಬೊ ಎಂಜಿನ್‌ಗಳು ಬಂದ ಮೇಲೆ ಮೂಲೆಗೆ ಸರಿದಿದ್ದ 3 ಲೀಟರ್ ಡಿಎಫ್‌ವಿ ಎಂಜಿನ್‌ಗಳಿಗೆ ನಿಮಿಷಕ್ಕೆ 9000 ಸುತ್ತಿನ ಮಿತಿ ಹಾಕಿ ಹೊಸ ವರ್ಗದಲ್ಲಿ ಅವಕಾಶ ಕೊಡಲಾಯಿತು. ಟೈರಲ್ 012ರಂಥ ಕೆಲವು ಹಳೆಯ ಫಾರ್ಮುಲಾ 1 ಕಾರುಗಳೂ ಈ ವರ್ಗದಲ್ಲಿ ಓಡಿದವು.

ವರ್ಗಾಂತರದ ಬಗೆಗಳು

*ಎಂಜಿನ್ ವರ್ಗಾಂತರ.* ಹೆಚ್ಚು ಬಳಕೆಯಲ್ಲಿರುವ ಬಗೆ. ಫಾರ್ಮುಲಾ ಫೋರ್ಡ್ ವರ್ಗ 1967ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ರೆಕ್ಕೆಯಿಲ್ಲದ, ಸ್ಪೇಸ್‌ಫ್ರೇಮ್ ಚಾಸಿಯ ಈ ಕಾರುಗಳಿಗೆ ಹಳೆಯ ಫೋರ್ಡ್ ಎಂಜಿನ್ನಿನ ಬಿಡಿಭಾಗಗಳು ದುಬಾರಿಯಾಗುತ್ತ ಹೋದವು. ಆಗ ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್ 1.5 ಲೀಟರ್ ಹೋಂಡಾ ಫಿಟ್ ಎಂಜಿನ್ನಿಗೂ ಅನುಮತಿ ಕೊಟ್ಟು, ವರ್ಗವನ್ನು ಫಾರ್ಮುಲಾ ಎಫ್ ಎಂದು ಕರೆಯಿತು. ಹೋಂಡಾ ಎಂಜಿನ್ನಿನ ಶಕ್ತಿ ಹಳೆಯದಕ್ಕೆ ಸರಿದೂಗುವಂತೆ ರಿಸ್ಟ್ರಿಕ್ಟರ್ ಕಡ್ಡಾಯವಾಗಿದೆ. ಅದೇ ಕ್ಲಬ್ಬಿನ ಫಾರ್ಮುಲಾ ಕಾಂಟಿನೆಂಟಲ್ ವರ್ಗದಲ್ಲಿ ಹಳೆಯ 2 ಲೀಟರ್ ಪಿಂಟೊ ಎಂಜಿನ್ನಿನ ಬದಲು ಜೆಟೆಕ್ ಎಂಜಿನ್ ಕೂರಿಸಲು ಅವಕಾಶವಿದೆ.

*ಚಾಲನಾಂಗ ವರ್ಗಾಂತರ.* ಎಂಜಿನ್ನಿನ ಜೊತೆಗೆ ಸಸ್ಪೆನ್ಷನ್, ಬ್ರೇಕ್, ಚಕ್ರಗಳೂ ಬದಲಾಗುತ್ತವೆ. 1963ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಫಾರ್ಮುಲಾ ವೀ ಕಾರುಗಳಲ್ಲಿ 1200 ಸಿಸಿ ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್ನಿದೆ. ಇವನ್ನು ಫಾರ್ಮುಲಾ ಫಸ್ಟ್ ವರ್ಗಕ್ಕೆ ತರುವಾಗ 1600 ಸಿಸಿ ಎಂಜಿನ್, ಮುಂದೆ ಡಿಸ್ಕ್ ಬ್ರೇಕ್, ಬಾಲ್ ಜಾಯಿಂಟ್ ಇರುವ ಮುಂಭಾಗದ ತೊಲೆ ಮತ್ತು ಅಗಲವಾದ ಚಕ್ರಗಳನ್ನು ಅಳವಡಿಸುತ್ತಾರೆ.

*ವಾಯುಬಲ ವರ್ಗಾಂತರ.* ರೆಕ್ಕೆಯಿರುವ ವರ್ಗದಿಂದ ರೆಕ್ಕೆಯಿಲ್ಲದ ವರ್ಗಕ್ಕೆ, ಅಥವಾ ತೆರೆದ ಚಕ್ರದಿಂದ ಮುಚ್ಚಿದ ಚಕ್ರಕ್ಕೆ ಸಾಗುವುದು. ಕ್ಯಾನ್-ಆ್ಯಮ್ ಕಾರುಗಳು ಈ ಬಗೆಗೆ ಸೇರುತ್ತವೆ.

*ಮುಕ್ತ ವರ್ಗಕ್ಕೆ ವರ್ಗಾಂತರ.* ಫಾರ್ಮುಲಾ ಲಿಬ್ರೆ, ಬೆಟ್ಟ ಹತ್ತುವ ಸ್ಪರ್ಧೆ ಮತ್ತು ಬ್ರಿಟನ್ನಿನ ಮೊನೊಪೋಸ್ಟೊ ರೇಸಿಂಗ್ ಕ್ಲಬ್ಬಿನಂಥ ಹವ್ಯಾಸಿ ಸಂಘಗಳ ರೇಸುಗಳು ಹಳೆಯ ಫಾರ್ಮುಲಾ 3, ಫಾರ್ಮುಲಾ ರೆನೊ ಮೊದಲಾದ ಕಾರುಗಳಿಗೆ ಆಶ್ರಯ ನೀಡುತ್ತವೆ. ನಿರ್ಬಂಧಗಳು ಕಡಿಮೆ ಇರುವುದರಿಂದ ವಿನ್ಯಾಸದ ಹೊಣೆ ಬಹುಪಾಲು ಮಾಲೀಕರ ಮೇಲೇ ಬೀಳುತ್ತದೆ.

*ವಿದ್ಯುತ್ ವರ್ಗಾಂತರ.* ಪೆಟ್ರೋಲ್ ಎಂಜಿನ್ನಿನ ಸ್ಥಾನದಲ್ಲಿ ಮೋಟಾರು ಮತ್ತು ಬ್ಯಾಟರಿ ಕೂರಿಸುವುದು. ಇದು ಮುಖ್ಯವಾಗಿ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳಲ್ಲಿ ಬೆಳೆದಿದೆ.

ರಚನೆ ಮತ್ತು ಬದಲಾವಣೆಗಳು

*ಚಾಸಿ.* ಕೆಲವು ಕಾರುಗಳಲ್ಲಿ ಎಂಜಿನ್ ಚಾಸಿಯ ಒಳಗೆ ಕೂರುತ್ತದೆ. ಭಾರವನ್ನೆಲ್ಲ ಕೊಳವೆಗಳೇ ಹೊರುತ್ತವೆ. ಇನ್ನು ಕೆಲವಲ್ಲಿ ಎಂಜಿನ್ನೇ ಚಾಸಿಯ ಹಿಂಭಾಗವಾಗಿ ಕೆಲಸ ಮಾಡುತ್ತದೆ. ಹಿಂದಿನ ಸಸ್ಪೆನ್ಷನ್ನಿನ ಬಲ ಗೇರ್‌ಬಾಕ್ಸ್ ಮತ್ತು ಎಂಜಿನ್ ಬ್ಲಾಕ್ ಮೂಲಕ ಚಾಲಕನ ಕೋಶಕ್ಕೆ ಸಾಗುತ್ತದೆ. ಮೊದಲನೆಯ ಬಗೆಯಲ್ಲಿ ಎಂಜಿನ್ ಬದಲಾಯಿಸುವುದು ಹೋಲಿಕೆಯಲ್ಲಿ ಸುಲಭ. ಎರಡನೆಯದರಲ್ಲಿ ಹೊಸ ಎಂಜಿನ್ನಿನ ಬ್ಲಾಕ್ ಆ ಬಲ ಹೊರುವಷ್ಟು ಗಟ್ಟಿಯಿಲ್ಲದಿದ್ದರೆ, ಅದರ ಸುತ್ತ ಉಪಚೌಕಟ್ಟು ಕಟ್ಟಬೇಕಾಗುತ್ತದೆ. ಪ್ರಯಾಣಿಕ ಕಾರಿನ ಅಥವಾ ಬೈಕಿನ ಎಂಜಿನ್ ಬಳಸುವಾಗ ಇದು ಮೊದಲು ತೀರ್ಮಾನವಾಗಬೇಕಾದ ವಿಷಯ. ಸ್ಪೇಸ್‌ಫ್ರೇಮಿನಲ್ಲಿ ಬಾಗಿದ ಕೊಳವೆಯನ್ನು ಕತ್ತರಿಸಿ ಹೊಸದು ಬೆಸೆಯಬಹುದು. ಕಾರ್ಬನ್ ಮಾನೊಕಾಕ್‌ನಲ್ಲಿ ಹೊಸ ರಂಧ್ರ ಕೊರೆಯಬೇಕಾದರೂ ಆ ಜಾಗದ ಪದರಗಳ ರಚನೆ ತಿಳಿದಿರಬೇಕು.

*ಎಂಜಿನ್ ಮತ್ತು ಎಣ್ಣೆ.* ತಿರುವಿನಲ್ಲಿ ಕಾರಿನ ಮೇಲೆ ಗುರುತ್ವಕ್ಕೆ ಸಮನಾದ ಅಡ್ಡಬಲ ಬಿದ್ದರೆ, ಎಂಜಿನ್ನಿನ ತಳದ ಸಂಪಿನಲ್ಲಿರುವ ಎಣ್ಣೆಯ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ; ಒಂದೂವರೆ ಪಟ್ಟು ಬಲಕ್ಕೆ ಸುಮಾರು 56 ಡಿಗ್ರಿ. ಆಗ ಎಣ್ಣೆ ಒಂದು ಬದಿಗೆ ಸರಿದು, ಪಂಪು ಗಾಳಿ ಹೀರಿ, ಬೇರಿಂಗುಗಳು ಒಣಗುತ್ತವೆ. ರಸ್ತೆ ಕಾರಿನ ಎಂಜಿನ್ನನ್ನು ಫಾರ್ಮುಲಾ ಚಾಸಿಗೆ ತರುವಾಗ ಸಂಪಿನೊಳಗೆ ತಡೆತಗಡುಗಳನ್ನು ಹಾಕುತ್ತಾರೆ. ವರ್ಗದ ನಿಯಮ ಒಪ್ಪಿದರೆ, ಎಣ್ಣೆಯನ್ನು ಪ್ರತ್ಯೇಕ ತೊಟ್ಟಿಯಲ್ಲಿ ಇಡುವ ಡ್ರೈ ಸಂಪ್ ವ್ಯವಸ್ಥೆ ಅಳವಡಿಸುತ್ತಾರೆ. ಡ್ರೈ ಸಂಪಿನಿಂದ ಎಂಜಿನ್ನಿನ ಎತ್ತರ ಕಡಿಮೆಯಾಗಿ ಕಾರಿನ ಭಾರಕೇಂದ್ರವೂ ಕೆಳಗಿಳಿಯುತ್ತದೆ.

*ಬೆಲ್‌ಹೌಸಿಂಗ್.* ಎಂಜಿನ್ ಮತ್ತು ಗೇರ್‌ಬಾಕ್ಸ್ ಬೇರೆ ಬೇರೆ ಮೂಲದವಾದಾಗ ಇವುಗಳ ನಡುವೆ ಜೋಡುತಟ್ಟೆ ಬೇಕು. ಕ್ರ್ಯಾಂಕ್‌ಶಾಫ್ಟಿನ ಅಕ್ಷವೂ ಗೇರ್‌ಬಾಕ್ಸಿನ ಒಳಶಾಫ್ಟಿನ ಅಕ್ಷವೂ ಒಂದೇ ಗೆರೆಯಲ್ಲಿರಬೇಕು. ತಟ್ಟೆಯನ್ನು ಲೇತಿನಲ್ಲಿ ಕಡೆದ ಮೇಲೆ ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಬೆಲ್‌ಹೌಸಿಂಗಿನ (ಕ್ಲಚ್ಚನ್ನು ಸುತ್ತುವರಿದ ಕವಚದ) ಒಳವೃತ್ತದಲ್ಲಿ ಮುಳ್ಳು ಎಷ್ಟು ಸರಿಯುತ್ತದೆ ಎಂದು ನೋಡುತ್ತಾರೆ. ವ್ಯತ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಅಳೆಯಲಾಗುತ್ತದೆ. ಇಲ್ಲಿ ಉಳಿದ ಓರೆ ಕ್ಲಚ್ಚಿನ ಕಂಪನವಾಗಿ, ಒಳಶಾಫ್ಟಿನ ಬೇರಿಂಗಿನ ಸವೆತವಾಗಿ, ಕೊನೆಗೆ ಗೇರಿನ ಹಲ್ಲುಗಳ ಮುರಿತವಾಗಿ ಹೊರಬೀಳುತ್ತದೆ.

*ಗೇರ್ ಅನುಪಾತ.* ರೇಸ್ ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಜೋಡಿಗಳನ್ನು ಬಿಚ್ಚಿ ಬದಲಾಯಿಸಬಹುದು. ಟೈರಿನ ಸುತ್ತಳತೆ 1.8 ಮೀಟರ್, ಎಂಜಿನ್ನಿನ ಗರಿಷ್ಠ ವೇಗ ನಿಮಿಷಕ್ಕೆ 6500 ಸುತ್ತು, ಕೊನೆಯ ಗೇರಿನ ಒಟ್ಟು ಅನುಪಾತ 4 ಎಂದುಕೊಂಡರೆ, ಚಕ್ರ ನಿಮಿಷಕ್ಕೆ 1625 ಸುತ್ತು ತಿರುಗುತ್ತದೆ. ಕಾರಿನ ವೇಗ ಗಂಟೆಗೆ 175.5 ಕಿಲೋಮೀಟರ್. ಇದೇ ಕಾರಿಗೆ 9000 ಸುತ್ತಿನ ಬೈಕ್ ಎಂಜಿನ್ ಕೂರಿಸಿದರೆ, ಅದೇ ವೇಗಕ್ಕೆ ಬೇಕಾಗುವ ಒಟ್ಟು ಅನುಪಾತ ಸುಮಾರು 5.54. ಹಳೆಯ ಅನುಪಾತವನ್ನೇ ಉಳಿಸಿದರೆ ಕೊನೆಯ ಗೇರಿನಲ್ಲಿ ಎಂಜಿನ್ ತನ್ನ ಪೂರ್ಣ ಶಕ್ತಿಯ ಸುತ್ತಿಗೆ ಏರದು.

*ಸಸ್ಪೆನ್ಷನ್ ಮತ್ತು ಟೈರು.* ಅಚ್ಚುಗೆರೆಯಿರುವ ಟೈರಿಗಾಗಿ ರೂಪಿಸಿದ ಕಾರಿಗೆ ನುಣುಪಾದ ಸ್ಲಿಕ್ ಟೈರು ಹಾಕಿದಾಗ ಹಿಡಿತ ಹೆಚ್ಚುತ್ತದೆ. ಅದರ ಜೊತೆ ವಿಶ್‌ಬೋನ್, ಚಕ್ರದ ಹಬ್ಬು ಮತ್ತು ಚಾಸಿಯ ಹಿಡಿಗಳ ಮೇಲಿನ ಬಲವೂ ಹೆಚ್ಚುತ್ತದೆ. ರೆಕ್ಕೆಗಳ ಒತ್ತುಬಲ ವೇಗದ ಗಣಿತದ ವರ್ಗಕ್ಕೆ (ವೇಗ × ವೇಗ) ಅನುಗುಣವಾಗಿರುವುದರಿಂದ, ಗಂಟೆಗೆ 100 ಕಿಲೋಮೀಟರಿನಲ್ಲಿ ಇದ್ದ ಬಲ 200 ಕಿಲೋಮೀಟರಿನಲ್ಲಿ ನಾಲ್ಕು ಪಟ್ಟಾಗುತ್ತದೆ. ರೆಕ್ಕೆ ಸೇರಿಸಿದ ಕಾರಿಗೆ ಗಟ್ಟಿಯಾದ ಸ್ಪ್ರಿಂಗುಗಳು ಬೇಕು. ರೆಕ್ಕೆ ತೆಗೆದ ಕಾರಿಗೆ ಮೆತ್ತನೆಯವು ಬೇಕು.

*ತೂಕ.* ಪ್ರತಿ ವರ್ಗಕ್ಕೂ ಕನಿಷ್ಠ ತೂಕ ಗೊತ್ತಾಗಿದೆ. ಕೊರತೆಯನ್ನು ಸೀಸದ ಅಥವಾ ಉಕ್ಕಿನ ಗಟ್ಟಿಗಳಿಂದ ತುಂಬಿ, ಬೋಲ್ಟ್ ಹಾಕಿ ಭದ್ರಪಡಿಸುತ್ತಾರೆ. ಬಳಿಕ ನಾಲ್ಕು ಚಕ್ರಗಳನ್ನು ನಾಲ್ಕು ತೂಕಹಲಗೆಗಳ ಮೇಲೆ ನಿಲ್ಲಿಸಿ, ಚಾಲಕನನ್ನು ಅಥವಾ ಅಷ್ಟೇ ತೂಕವನ್ನು ಆಸನದಲ್ಲಿ ಇರಿಸಿ ಅಳೆಯುತ್ತಾರೆ. ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರದ ಒಟ್ಟು ತೂಕ ಕಾರಿನ ತೂಕದ ಅರ್ಧಕ್ಕೆ ಹತ್ತಿರ ಬರುವ ತನಕ ಸ್ಪ್ರಿಂಗಿನ ತಳದ ಬಿಲ್ಲೆಗಳನ್ನು ತಿರುಗಿಸಲಾಗುತ್ತದೆ. ಈ ಹೊಂದಾಣಿಕೆ ತಪ್ಪಿದರೆ ಕಾರು ಎಡ ಮತ್ತು ಬಲ ತಿರುವುಗಳಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತದೆ.

ಕೆಲಸದ ಕ್ರಮ

ಗುರಿ ವರ್ಗದ ಚಾಲ್ತಿ ನಿಯಮಾವಳಿಯನ್ನು ಓದುವುದು ಮೊದಲ ಹಂತ. ಚಾಸಿಯ ತಯಾರಿಕೆ ವರ್ಷ, ಅನುಮತಿಯಿರುವ ಎಂಜಿನ್‌ಗಳು, ಚಕ್ರಗಳ ಅಂತರ, ಟೈರಿನ ತಯಾರಕರು, ಸೀಲ್ ಮಾಡಿದ ಭಾಗಗಳು ಇವುಗಳ ಪಟ್ಟಿ ಮಾಡಿ ಕಾರಿನೊಂದಿಗೆ ಹೋಲಿಸುತ್ತಾರೆ. ಒಂದೇ ಮಾದರಿಯ ಕಾರುಗಳಿಗೆ ಮೀಸಲಾದ ವರ್ಗವಾದರೆ ಹೊರಗಿನ ಚಾಸಿಗೆ ಪ್ರವೇಶವೇ ಇರುವುದಿಲ್ಲ.

ಎರಡನೆಯ ಹಂತದಲ್ಲಿ ಕಾರನ್ನು ಪೂರ್ತಿ ಬಿಚ್ಚಿ, ಚಾಸಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಸೊಟ್ಟ ಇದೆಯೇ ಎಂದು ಅಳೆಯುತ್ತಾರೆ. ಬೆಸುಗೆಗಳನ್ನೂ ಸಸ್ಪೆನ್ಷನ್ ಭಾಗಗಳನ್ನೂ ಬಣ್ಣದ್ರಾವಣ ಅಥವಾ ಕಾಂತಪುಡಿ ಪರೀಕ್ಷೆಗೆ ಒಡ್ಡಿ ಕೂದಲೆಳೆಯ ಬಿರುಕುಗಳನ್ನು ಪತ್ತೆಹಚ್ಚುತ್ತಾರೆ. ಮೂರನೆಯ ಹಂತ ಎಂಜಿನ್ನಿನ ಖಾಲಿ ಬ್ಲಾಕನ್ನು ಚಾಸಿಯಲ್ಲಿ ತಾತ್ಕಾಲಿಕವಾಗಿ ಕೂರಿಸಿ ನೋಡುವುದು. ನಿಷ್ಕಾಸ ಕೊಳವೆ, ಇಂಧನ ತೊಟ್ಟಿ, ಡ್ರೈವ್‌ಶಾಫ್ಟಿನ ಕೋನ, ರೇಡಿಯೇಟರಿನ ಕೊಳವೆಗಳ ದಾರಿ ಇವೆಲ್ಲ ಇಲ್ಲೇ ಗೊತ್ತಾಗುತ್ತವೆ. ನಾಲ್ಕನೆಯ ಹಂತದಲ್ಲಿ ಶಾಶ್ವತ ಹಿಡಿಗಳನ್ನು ಬೆಸೆದು, ವೈರಿಂಗ್ ಮತ್ತು ಎಂಜಿನ್ ನಿಯಂತ್ರಕವನ್ನು ಅಳವಡಿಸಿ, ಎಂಜಿನ್ನನ್ನು ಡೈನಮೋಮೀಟರಿನಲ್ಲಿ ಓಡಿಸಿ ಹೊಂದಿಸುತ್ತಾರೆ. ಕೊನೆಗೆ ಖಾಲಿ ಟ್ರ್ಯಾಕಿನಲ್ಲಿ ಕಡಿಮೆ ವೇಗದಿಂದ ಆರಂಭಿಸಿ ಪರೀಕ್ಷಿಸಲಾಗುತ್ತದೆ. ಮೊದಲ ಸುತ್ತುಗಳ ನಂತರ ಪ್ರತಿ ಬೋಲ್ಟು, ಎಣ್ಣೆಯ ಒತ್ತಡ, ನೀರಿನ ಶಾಖ, ಸೋರಿಕೆಗಳನ್ನು ನೋಡುವುದು ರೂಢಿ.

ಸುರಕ್ಷತೆ ಮತ್ತು ತಪಾಸಣೆ

ಹಳೆಯ ಕಾರು ತಯಾರಾದ ಕಾಲದ ಸುರಕ್ಷತಾ ಮಟ್ಟ ಇಂದಿನ ತಪಾಸಣೆಗೆ ಸಾಲದೆ ಹೋಗಬಹುದು. ಚಾಲಕನ ತಲೆಯ ಹಿಂದಿನ ರೋಲ್ ಹೂಪ್ ಹೆಲ್ಮೆಟ್ಟಿಗಿಂತ ಎತ್ತರವಾಗಿರಬೇಕು. ಅದರ ತುದಿಯಿಂದ ಮುಂದಿನ ಹೂಪಿನ ತುದಿಗೆ ಎಳೆದ ಗೆರೆಯ ಕೆಳಗೆ ಹೆಲ್ಮೆಟ್ ಇರಬೇಕೆಂಬುದು ಬಹುತೇಕ ನಿಯಮಾವಳಿಗಳ ಸೂತ್ರ. ಚಿಕ್ಕ ಮೈಯ ಚಾಲಕನಿಗೆ ಕಟ್ಟಿದ ಕಾರನ್ನು ಎತ್ತರದ ಚಾಲಕ ಓಡಿಸುವಾಗ ಈ ಅಳತೆ ಮೊದಲು ತಪ್ಪುತ್ತದೆ.

ಬೆಲ್ಟು ಮತ್ತು ಇಂಧನ ಚೀಲಗಳಿಗೆ ಗೊತ್ತಾದ ಆಯುಸ್ಸಿದೆ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟವಾದ ಎಫ್‌ಐಎ ಮಾನದಂಡದಂತೆ ಇಂಧನ ಚೀಲವನ್ನು ತಯಾರಿಕೆಯ ದಿನದಿಂದ 5 ವರ್ಷ ಬಳಸಬಹುದು. ತಯಾರಕರು ಪರೀಕ್ಷಿಸಿ ಮರುಪ್ರಮಾಣಪತ್ರ ಕೊಟ್ಟರೆ ಇನ್ನೂ 2 ವರ್ಷ. ಹೊರಗಿನಿಂದ ಕೈಗೆಟಕುವ ವಿದ್ಯುತ್ ಕಡಿತದ ಸ್ವಿಚ್ಚು, ಬೆಂಕಿ ಆರಿಸುವ ವ್ಯವಸ್ಥೆ, ಚಾಲಕ ಮತ್ತು ಎಂಜಿನ್ ನಡುವಿನ ಅಗ್ನಿತಡೆ ಇವುಗಳನ್ನೂ ತಪಾಸಕರು ನೋಡುತ್ತಾರೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿ ಬ್ರೇಕನ್ನು ಹಾಗೆಯೇ ಬಿಟ್ಟ ಕಾರು ಅಪಾಯಕಾರಿ. ಕಾರಿನ ಚಲನಶಕ್ತಿಯೂ ವೇಗದ ಗಣಿತದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಶೇಕಡ 10ರಷ್ಟು ಹೆಚ್ಚಿದರೆ ಬ್ರೇಕು ಹೀರಬೇಕಾದ ಶಕ್ತಿ ಶೇಕಡ 21ರಷ್ಟು ಹೆಚ್ಚುತ್ತದೆ.

ಭಾರತದಲ್ಲಿ

ಭಾರತದಲ್ಲಿ ಟ್ರ್ಯಾಕ್ ರೇಸಿಂಗ್ ವಿಮಾನಪಟ್ಟಿಗಳಲ್ಲಿ ಬೆಳೆಯಿತು. ಚೆನ್ನೈ ಬಳಿಯ ಶೋಳಾವರಂನಲ್ಲಿದ್ದ ಎರಡನೆಯ ಮಹಾಯುದ್ಧ ಕಾಲದ ವಿಮಾನಪಟ್ಟಿಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳ ಕಾಲ ರೇಸ್ ನಡೆಸಿತು. ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧವಿದ್ದ ಆ ಕಾಲದಲ್ಲಿ ಫಿಯೆಟ್, ಅಂಬಾಸಡರ್, ಹೆರಾಲ್ಡ್ ಕಾರುಗಳ ಭಾಗಗಳಿಂದ ಕಟ್ಟಿದ ‘ಸ್ಪೆಷಲ್’ಗಳು ಸಾಮಾನ್ಯವಾಗಿದ್ದವು. ವಿದೇಶದಲ್ಲಿ ಸೇವೆ ಮುಗಿಸಿದ ಫಾರ್ಮುಲಾ ಕಾರುಗಳೂ ಇಲ್ಲಿಗೆ ಬಂದವು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಶೋಳಾವರಂನಲ್ಲಿ ಎನ್‌ಸೈನ್ ಫಾರ್ಮುಲಾ 1 ಕಾರನ್ನು ಓಡಿಸಿದರು. ಫಾರ್ಮುಲಾ 1ರ ಗ್ರ್ಯಾಂಡ್ ಪ್ರಿ ಆಗ ನಡೆಯದಿದ್ದ ದೇಶದಲ್ಲಿ ಇಂಥ ಕಾರು ಸ್ಥಳೀಯ ರೇಸಿನ ವರ್ಗಕ್ಕೆ ಸೇರಿ ಓಡಬೇಕಿತ್ತು.

1988ರಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ರೂಪಿಸಿದ ಫಾರ್ಮುಲಾ ಮಾರುತಿ ಈ ಪರಿಸ್ಥಿತಿಯನ್ನು ಬದಲಾಯಿಸಿತು. ಮಾರುತಿ 800ರ 796 ಸಿಸಿ, ಮೂರು ಸಿಲಿಂಡರ್ ಎಂಜಿನ್ನನ್ನು ಚಾಲಕನ ಹಿಂದೆ ಕೂರಿಸಿದ ಈ ಕಾರಿನ ಬಿಡಿಭಾಗಗಳು ಊರೂರಿನ ಅಂಗಡಿಯಲ್ಲಿ ಸಿಗುತ್ತಿದ್ದವು. ನಾರಾಯಣ್ ಕಾರ್ತಿಕೇಯನ್ 1993ರಲ್ಲಿ ಈ ವರ್ಗದಲ್ಲಿ ರೇಸಿಂಗ್ ಆರಂಭಿಸಿದರು. ಕರುಣ್ ಚಂದೋಕ್ 2000ದಲ್ಲಿ ಅದರ ರಾಷ್ಟ್ರೀಯ ಚಾಂಪಿಯನ್ ಆದರು. ಇಬ್ಬರೂ ಮುಂದೆ ಫಾರ್ಮುಲಾ 1 ತಲುಪಿದರು. ಫಾರ್ಮುಲಾ ಮಾರುತಿಯ ನಂತರ ಬಂದ ಎಲ್‌ಜಿಬಿ ಸರಣಿಯ ಕಾರುಗಳು ಅದೇ ಮಾರ್ಗ ಹಿಡಿದವು: ಉಕ್ಕಿನ ಕೊಳವೆಯ ಚಾಸಿ, ಮಾರುಕಟ್ಟೆಯಲ್ಲಿ ಸಿಗುವ 1300 ಸಿಸಿ ಸುಜುಕಿ ಎಂಜಿನ್. ಎಲ್‌ಜಿಬಿ ಫಾರ್ಮುಲಾ 4 ಇಂದಿಗೂ ಹೊಸ ಚಾಲಕರ ಮೆಟ್ಟಿಲು.

ವರ್ಗಾಂತರಕ್ಕೆ ಭಾರತದ ಸ್ಪಷ್ಟ ಉದಾಹರಣೆ ಫಾರ್ಮುಲಾ ಬಿಎಂಡಬ್ಲ್ಯು ಎಫ್‌ಬಿ02. ಕಾರ್ಬನ್ ಮಾನೊಕಾಕ್, ಬಿಎಂಡಬ್ಲ್ಯು ಕೆ1200ಆರ್‌ಎಸ್ ಬೈಕಿನ 1171 ಸಿಸಿ ಎಂಜಿನ್ ಮತ್ತು ಸುಮಾರು 140 ಅಶ್ವಶಕ್ತಿಯ ಈ ಕಾರುಗಳು 2003ರಿಂದ ಫಾರ್ಮುಲಾ ಬಿಎಂಡಬ್ಲ್ಯು ಏಷ್ಯಾ ಸರಣಿಯಲ್ಲಿದ್ದವು. ಮುಂದೆ ಫಾರ್ಮುಲಾ ಬಿಎಂಡಬ್ಲ್ಯು ಪೆಸಿಫಿಕ್ ಆದ ಆ ಸರಣಿ 2010ರಲ್ಲಿ ನಿಂತಿತು. 2011 ಮತ್ತು 2012ರಲ್ಲಿ ಅವೇ ಕಾರುಗಳು ಜೆಕೆ ರೇಸಿಂಗ್ ಏಷ್ಯಾ ಸರಣಿಯಲ್ಲಿ ಓಡಿದವು. ಬಳಿಕ ಭಾರತದ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಉನ್ನತ ವರ್ಗಕ್ಕೆ ಬಂದವು. ಯಂತ್ರದಲ್ಲಿ ಆದ ಬದಲಾವಣೆ ಅಲ್ಪ. ಟೈರು, ನಿಯಮಾವಳಿ ಮತ್ತು ಸರಣಿಯ ಸ್ಥಾನಮಾನ ಬದಲಾಯಿತು.

ಈ ಸ್ಪರ್ಧೆಗಳಿಗೆ ಮುಖ್ಯ ತಾಣಗಳು 1990ರಲ್ಲಿ ತೆರೆದ ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್, 2003ರಲ್ಲಿ ತೆರೆದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮತ್ತು 2011ರಲ್ಲಿ ತೆರೆದ ಗ್ರೇಟರ್ ನೊಯ್ಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್. ವಾಹನಗಳ ಅನುಮತಿ ಮತ್ತು ತಪಾಸಣೆ ಭಾರತೀಯ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮಗಳಿಗೆ ಒಳಪಟ್ಟಿದೆ.

ಮುಂಬೈ ಮತ್ತು ಪರೇಲ್

ಮುಂಬೈಯಲ್ಲಿ ಶಾಶ್ವತ ರೇಸ್ ಟ್ರ್ಯಾಕ್ ಇಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಜುಹೂ ವಿಮಾನಪಟ್ಟಿಯಲ್ಲಿ ರೇಸುಗಳು ನಡೆದವು. ಅನಂತರ ನಗರದ ಸ್ಪರ್ಧಿಗಳು ಕಾರುಗಳನ್ನು ಲಾರಿ ಅಥವಾ ಟ್ರೈಲರಿನಲ್ಲಿ ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದ ದಕ್ಷಿಣದ ಟ್ರ್ಯಾಕುಗಳಿಗೆ ಒಯ್ಯಬೇಕಾಯಿತು. ಹೀಗಾಗಿ ಮುಂಬೈ ಈ ಕ್ರೀಡೆಯ ಕಾರ್ಯಾಗಾರದ ಕಡೆಗೆ ಹೆಚ್ಚು ಸೇರಿದ ನಗರ. ಫಿಯೆಟ್ 1100 ಮತ್ತು ಪ್ರೀಮಿಯರ್ ಪದ್ಮಿನಿ ತಯಾರಾಗುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಕುರ್ಲಾದಲ್ಲಿತ್ತು. ಬೇರಿಂಗು, ಉಪಕರಣಗಳಿಗೆ ನಾಗದೇವಿ ಸ್ಟ್ರೀಟ್ ಹೆಸರಾದದ್ದು.

ಪರೇಲ್ ಮತ್ತು ಲೋವರ್ ಪರೇಲ್ ಗಿರಣಗಾಂವ್ ಎಂಬ ಗಿರಣಿ ಪ್ರದೇಶದ ಭಾಗ. ಜವಳಿ ಗಿರಣಿಗಳ ಜೊತೆಗೆ ಹತ್ತೊಂಬತ್ತನೆಯ ಶತಮಾನದಿಂದಲೂ ಇಲ್ಲಿ ಎರಡು ರೈಲ್ವೆ ಕಾರ್ಯಾಗಾರಗಳಿವೆ: ಇಂದಿನ ಮಧ್ಯ ರೈಲ್ವೆಯ ಪರೇಲ್ ಕಾರ್ಯಾಗಾರ ಮತ್ತು ಪಶ್ಚಿಮ ರೈಲ್ವೆಯ ಲೋವರ್ ಪರೇಲ್ ಕಾರ್ಯಾಗಾರ. ಹಳೆಯ ಯಂತ್ರವನ್ನು ಬಿಚ್ಚಿ, ಸವೆದ ಭಾಗವನ್ನು ಅಳೆದು, ಹೊಸದನ್ನು ಕಡೆದು ಜೋಡಿಸುವ ಫಿಟ್ಟರ್, ಟರ್ನರ್, ವೆಲ್ಡರ್‌ಗಳ ಕೌಶಲ ಈ ಭಾಗದಲ್ಲಿ ತಲೆಮಾರುಗಳಿಂದ ಬೇರೂರಿತ್ತು. ಫಾರ್ಮುಲಾ ಕಾರಿನ ವರ್ಗಾಂತರಕ್ಕೆ ಬೇಕಾದ ಜೋಡುತಟ್ಟೆ, ಡ್ರೈವ್‌ಶಾಫ್ಟ್, ಎಂಜಿನ್ ಹಿಡಿಗಳು ಇದೇ ಬಗೆಯ ಬಿಡಿ ತಯಾರಿಕೆಗೆ ಸೇರಿದವು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನಾಯಕತ್ವದಲ್ಲಿ ಆರಂಭವಾದ ಜವಳಿ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದಲ್ಲಿ ಕಚೇರಿ ಮತ್ತು ವಸತಿ ಗೋಪುರಗಳು ಎದ್ದವು. ಸಣ್ಣ ಲೇತ್ ಅಂಗಡಿಗಳಿಗೆ ಬಾಡಿಗೆ ದುಬಾರಿಯಾಗಿ, ಈ ಬಗೆಯ ಕೆಲಸ ಉಪನಗರಗಳತ್ತ ಸರಿಯಿತು.

ಪರೇಲ್‌ಗೆ ಹತ್ತಿರದ ಮಾಟುಂಗಾದಲ್ಲಿ 1887ರಲ್ಲಿ ಸ್ಥಾಪನೆಯಾದ ವಿಜೆಟಿಐ ಎಂಬ ತಾಂತ್ರಿಕ ಶಿಕ್ಷಣ ಸಂಸ್ಥೆ ಇದೆ. ಗಿರಣಿ ಮತ್ತು ಕಾರ್ಖಾನೆಗಳಿಗೆ ತಂತ್ರಜ್ಞರನ್ನು ಒದಗಿಸಿದ ಈ ಸಂಸ್ಥೆಯಲ್ಲಿ ಇಂದು ವಿದ್ಯಾರ್ಥಿಗಳ ರೇಸಿಂಗ್ ತಂಡವಿದೆ. ಪವಯಿಯ ಐಐಟಿ ಬಾಂಬೆ ಮತ್ತು ವಿದ್ಯಾವಿಹಾರದ ಕೆ. ಜೆ. ಸೋಮಯ್ಯ ಕಾಲೇಜಿನಲ್ಲೂ ಇಂಥ ತಂಡಗಳಿವೆ.

ವಿದ್ಯುತ್ ವರ್ಗಾಂತರ ಮತ್ತು ವಿದ್ಯಾರ್ಥಿ ತಂಡಗಳು

ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯಲ್ಲಿ ಪೆಟ್ರೋಲ್ ಕಾರುಗಳಿಗೆ 710 ಸಿಸಿ ಎಂಜಿನ್ ಮಿತಿ ಮತ್ತು 20 ಮಿಲಿಮೀಟರ್ ರಿಸ್ಟ್ರಿಕ್ಟರ್ ಇದೆ. ವಿದ್ಯುತ್ ಕಾರುಗಳಿಗೆ 600 ವೋಲ್ಟ್ ಮತ್ತು 80 ಕಿಲೋವ್ಯಾಟ್ ಮಿತಿ. ಐಐಟಿ ಬಾಂಬೆ ತಂಡ 2012ರಲ್ಲಿ ವಿದ್ಯುತ್ ಕಾರಿನತ್ತ ಹೊರಳಿ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಸ್ಪರ್ಧೆಗಳಲ್ಲಿ ಪಾಲ್ಗೊಂಡಿತು. ಬೆಂಗಳೂರಿನ ಆರ್. ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ ಪೆಟ್ರೋಲ್ ಕಾರುಗಳ ಜೊತೆ ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳನ್ನೂ ಕಟ್ಟಿದೆ.

ಈ ಸ್ಪರ್ಧೆಗಳ ನಿಯಮದಂತೆ ಒಂದೇ ಚಾಸಿಯನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಇಳಿಸುವಂತಿಲ್ಲ. ಆದುದರಿಂದ ಹಳೆಯ ಪೆಟ್ರೋಲ್ ಕಾರಿಗೆ ಮೋಟಾರು ಕೂರಿಸಿದಾಗ ಅದು ಸಾಮಾನ್ಯವಾಗಿ ಪರೀಕ್ಷಾ ವಾಹನವಾಗುತ್ತದೆ. ಬ್ಯಾಟರಿಯ ತಂಪು, ನಿಯಂತ್ರಕದ ಹೊಂದಾಣಿಕೆ, ಚಾಲಕರ ಅಭ್ಯಾಸ ಅದರಲ್ಲಿ ನಡೆದು, ಕಲಿತದ್ದು ಹೊಸ ಚಾಸಿಗೆ ಸಾಗುತ್ತದೆ. ಬ್ಯಾಟರಿಯ ಪೆಟ್ಟಿಗೆ ಇಂಧನ ತೊಟ್ಟಿಗಿಂತ ಭಾರವಾದುದರಿಂದ ಅದರ ಹಿಡಿಗಳನ್ನು ಅಪಘಾತದ ಬಲಕ್ಕೆ ತಕ್ಕಂತೆ ಲೆಕ್ಕಹಾಕಬೇಕು. ಹೆಚ್ಚು ವೋಲ್ಟಿನ ತಂತಿಗಳು ಚಾಸಿಯಿಂದ ಸಂಪೂರ್ಣ ಬೇರ್ಪಟ್ಟಿರಬೇಕು. ನಿರೋಧ ಕುಸಿದರೆ ವಿದ್ಯುತ್ತನ್ನು ತಾನಾಗಿ ಕಡಿಯುವ ಸಾಧನ ಕಡ್ಡಾಯ.

ಉಪಯೋಗ ಮತ್ತು ಮಿತಿ

ವರ್ಗಾಂತರದಿಂದ ಹಳೆಯ ಚಾಸಿಯ ಆಯುಸ್ಸು ಹೆಚ್ಚುತ್ತದೆ, ಹೊಸ ಸ್ಪರ್ಧಿಗಳಿಗೆ ಪ್ರವೇಶದ ವೆಚ್ಚ ಇಳಿಯುತ್ತದೆ, ಸ್ಪರ್ಧಿಗಳು ಕಡಿಮೆಯಾದ ವರ್ಗಕ್ಕೆ ಕಾರುಗಳು ಸೇರುತ್ತವೆ. ತರಬೇತಿ ಶಾಲೆಗಳು ಮತ್ತು ಕಾಲೇಜುಗಳಿಗೆ ಇದು ಎಂಜಿನಿಯರಿಂಗಿನ ಪ್ರಾಯೋಗಿಕ ಪಾಠ. ಹೊಸ ವರ್ಗಕ್ಕೆಂದೇ ವಿನ್ಯಾಸವಾದ ಕಾರಿನ ಮುಂದೆ ವರ್ಗಾಂತರಗೊಂಡ ಕಾರು ಸಾಮಾನ್ಯವಾಗಿ ತೂಕ ಮತ್ತು ವಾಯುಬಲದಲ್ಲಿ ಹಿಂದೆ ಬೀಳುತ್ತದೆ. ಎಂಜಿನ್ನಿನ ಬೆಲೆಗಿಂತ ಜೋಡಣೆಯ ಬಿಡಿ ಕೆಲಸಗಳ ಒಟ್ಟು ವೆಚ್ಚ ಹೆಚ್ಚಾಗುವುದುಂಟು.

ಐತಿಹಾಸಿಕ ಮೌಲ್ಯದ ಕಾರುಗಳ ವಿಷಯ ಪ್ರತ್ಯೇಕ. ಎಫ್‌ಐಎ ನೀಡುವ ಐತಿಹಾಸಿಕ ತಾಂತ್ರಿಕ ಪಾಸ್‌ಪೋರ್ಟ್ ಪಡೆಯಲು ಕಾರು ತನ್ನ ಕಾಲದ ವಿನ್ಯಾಸಕ್ಕೆ ಅನುಗುಣವಾಗಿರಬೇಕು. ಆದ್ದರಿಂದ ಇಂಥ ಕಾರುಗಳಲ್ಲಿ ಮೂಲ ಭಾಗಗಳನ್ನು ಕತ್ತರಿಸದೆ, ಮರಳಿ ಜೋಡಿಸಲು ಬರುವಂತೆ ಬೋಲ್ಟ್ ಹಿಡಿಗಳನ್ನು ಬಳಸಿ, ತೆಗೆದ ಭಾಗಗಳನ್ನು ಗುರುತು ಹಾಕಿ ಕಾಪಾಡಿ, ಪ್ರತಿ ಬದಲಾವಣೆಯನ್ನು ಚಿತ್ರ ಮತ್ತು ಅಳತೆಗಳೊಂದಿಗೆ ದಾಖಲಿಸುತ್ತಾರೆ.

ಇಂದಿನ ಸ್ಥಿತಿ

ಇಂದಿನ ಹೆಚ್ಚಿನ ಫಾರ್ಮುಲಾ ವರ್ಗಗಳು ಒಬ್ಬರೇ ತಯಾರಕರ ಚಾಸಿ, ಸೀಲ್ ಮಾಡಿದ ಎಂಜಿನ್, ಒಂದೇ ಟೈರಿನ ನಿಯಮ ಪಾಲಿಸುತ್ತವೆ. 2023ರಲ್ಲಿ ಆರಂಭವಾದ ಭಾರತದ ಫಾರ್ಮುಲಾ 4 ಚಾಂಪಿಯನ್‌ಷಿಪ್ ಕೂಡ ಈ ಬಗೆಯದು. ಇದರಿಂದ ಹಳೆಯ ಕಾರು ಉನ್ನತ ವರ್ಗಕ್ಕೆ ಏರುವ ದಾರಿ ಕಿರಿದಾಗಿದೆ. ಹವ್ಯಾಸಿ ಕ್ಲಬ್ ರೇಸು, ತರಬೇತಿ, ಬೆಟ್ಟ ಹತ್ತುವ ಸ್ಪರ್ಧೆ ಮತ್ತು ವಿದ್ಯುತ್ ಪ್ರಯೋಗಗಳ ದಾರಿ ತೆರೆದಿದೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಕ್ಲಬ್ಬುಗಳೇ ಪರ್ಯಾಯ ಎಂಜಿನ್‌ಗಳಿಗೆ ನಿಯಮ ರೂಪಿಸಿ ಹಳೆಯ ಚಾಸಿಗಳನ್ನು ಟ್ರ್ಯಾಕಿನಲ್ಲಿ ಉಳಿಸಿವೆ. ಭಾರತದಲ್ಲಿ ಈ ಪಾತ್ರವನ್ನು ಮುಖ್ಯವಾಗಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಪ್ರಾಯೋಜಕರು ಮತ್ತು ಕೊಯಮತ್ತೂರು, ಚೆನ್ನೈ ಭಾಗದ ಕಾರ್ಯಾಗಾರಗಳು ನಿರ್ವಹಿಸಿವೆ. ಮುಂಬೈ ಮತ್ತು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಕಾರ್ಯಾಗಾರಗಳು ಈ ವಿದ್ಯೆಯನ್ನು ಮುಂದುವರಿಸುತ್ತಿವೆ.